ಹೊರಸಂಚಾರಕ್ಕೊಂದು ಕೈದೀಪ

ಫೋರ್ಟಿನಲ್ಲಿ ಬಾಳುವವರಿಗೆ ಕತ್ತಲೆಯ ಪರಿಚಯ ಕಡಿಮೆ. 1860ರ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಲಾಯಿತು. 1865ರಲ್ಲಿ ಈ ನಗರದ ಬೀದಿಗಳಿಗೆ ಗ್ಯಾಸಿನ ದೀಪಗಳು ಬಂದುವು. 1882ರಲ್ಲಿ ಕ್ರಾಫರ್ಡ್ ಮಾರ್ಕೆಟಿನಲ್ಲಿ ವಿದ್ಯುದ್ದೀಪ ಬೆಳಗಿತು. ಅಂದಿನಿಂದ ಇಂದಿನ ವರೆಗೆ ಬೋರಾ ಬಜಾರಿನಲ್ಲಾಗಲಿ, ಮೋದಿ ಸ್ಟ್ರೀಟಿನಲ್ಲಾಗಲಿ, ಬಜಾರ್ ಗೇಟಿನ ಗಲ್ಲಿಗಳಲ್ಲಾಗಲಿ ಇರುಳೆಂಬುದು ಗಡಿಯಾರದಲ್ಲಿ ಮಾತ್ರ ಕಾಣಸಿಗುವ ವಸ್ತುವಾಗಿದೆ. ಮಧ್ಯರಾತ್ರಿ ಹೋಟೆಲಿನ ಕದವಿಕ್ಕಿ ಹೊರಬಂದವನಿಗೂ ತನ್ನ ಪಾದ ಬೀಳುವ ಜಾಗ ತಾನಾಗಿ ಕಾಣುತ್ತದೆ. ಹೀಗೆ ಹತ್ತು ವರ್ಷ ಕಳೆದವನು ಬೆಳಕೆಂಬುದು ಗಾಳಿಯಂತೆ ಎಲ್ಲೆಡೆಯೂ ಪುಕ್ಕಟೆಯಾಗಿ ದೊರೆಯುವ ವಸ್ತುವೆಂದು ನಂಬತೊಡಗುತ್ತಾನೆ. ಈ ನಂಬಿಕೆಯನ್ನು ಹೊತ್ತುಕೊಂಡು ಆದಿತ್ಯವಾರ ಸಹ್ಯಾದ್ರಿಯ ಬೆಟ್ಟಕ್ಕೆ ಹೊರಟಾಗ ತೊಂದರೆಯು ಪ್ರಾರಂಭವಾಗುತ್ತದೆ.

ಈ ದಿನ ನಾವು ಪ್ರಸ್ತಾಪಿಸಬಯಸುವ ವಿಷಯ ಅತಿ ಸಣ್ಣದು. ಅಂಗೈಯಲ್ಲಿ ಅಡಗುವಷ್ಟು ಸಣ್ಣದು. ಮುಂಬಯಿಯಿಂದ ಹೊರಗೆ ಕಾಲಿಡುವ ಪ್ರತಿಯೊಬ್ಬ ಕನ್ನಡಿಗನ ಕಿಸೆಯಲ್ಲಿ ಒಂದು ಪುಟ್ಟ ಕೈದೀಪವಿರಬೇಕು ಎಂಬುದೇ ನಮ್ಮ ಮಾತು. ಪೇಟೆಯವರು ಇದನ್ನು ಟಾರ್ಚ್ ಎನ್ನುತ್ತಾರೆ. ನಮ್ಮ ಕರಾವಳಿಯ ಹಿರಿಯರ ಬಾಯಲ್ಲಿ ಇದು ಬರಿಯ 'ಬ್ಯಾಟರಿ'. ರಾತ್ರಿ ಹೊರಗುಳಿಯುವ ಉದ್ದೇಶವಿರುವವನು ದೀಪವನ್ನು ಹೇಗೂ ಒಯ್ಯುತ್ತಾನೆ. ಅವನಿಗೆ ನಮ್ಮ ಉಪದೇಶ ಬೇಕಿಲ್ಲ. ಕತ್ತಲಾಗುವ ಮುನ್ನ ಮರಳಿ ಬರುವೆನೆಂದು ಹೊರಟವನಿಗೆ ಅದು ಹೆಚ್ಚು ಅವಶ್ಯ ಎಂಬುದನ್ನು ತೋರಿಸಿಕೊಡುವುದಕ್ಕಾಗಿ ಈ ಲೇಖನ.

ಸೂಟೆಯಿಂದ ಬ್ಯಾಟರಿಗೆ

ನಮ್ಮ ಊರುಗಳಲ್ಲಿ ಬೆಳಕಿಲ್ಲದೆ ಇರುಳಿನಲ್ಲಿ ಅಂಗಳ ದಾಟುವುದು ಅವಿವೇಕವೆಂದು ಎಣಿಸುತ್ತಿದ್ದರು. ಗದ್ದೆಯ ಹುಣಿಯ ಮೇಲೆ ನಡೆದು ಯಕ್ಷಗಾನ ಬಯಲಾಟಕ್ಕೋ ಕೋಲಕ್ಕೋ ಹೊರಟವರ ಕೈಯಲ್ಲಿ ಒಣಗಿದ ತೆಂಗಿನ ಗರಿಯ ಸೂಟೆ ಇರುತ್ತಿತ್ತು. ಅದನ್ನು ಬೀಸುತ್ತ ನಡೆದರೆ ಕೆಂಡ ಉರಿದು ದಾರಿ ಕಾಣುತ್ತಿತ್ತು. ಒಂದು ಸೂಟೆ ಮುಗಿಯುವಷ್ಟರಲ್ಲಿ ಇನ್ನೊಂದನ್ನು ಹೊತ್ತಿಸಲು ಕಂಕುಳಲ್ಲಿ ಮತ್ತೆರಡು ಸಿದ್ಧವಾಗಿರುತ್ತಿದ್ದುವು. ಅನಂತರ ಲಾಟೀನು ಬಂತು. ಅದಾದ ಮೇಲೆ ಎರಡು ಸೆಲ್ಲಿನ, ಮೂರು ಸೆಲ್ಲಿನ ಲೋಹದ ಬ್ಯಾಟರಿಗಳು ಬಂದುವು. ಕೆಂಪು ಮೈಯ ಮೇಲೆ ಬೆಕ್ಕಿನ ಚಿತ್ರವಿದ್ದ ಎವರೆಡಿ ಸೆಲ್ಲುಗಳು ಮುಗಿದಾಗ, ಅವನ್ನು ಬಿಸಿಲಿಗಿಟ್ಟು ಮತ್ತೆರಡು ದಿನ ಉಪಯೋಗಿಸಲು ಹವಣಿಸಿದ ಮನೆಗಳು ಎಷ್ಟೋ! ಮುಂಬಯಿಯಿಂದ ಊರಿಗೆ ಹೋಗುವವರು ತಂದೆಗೆ ಕೊಂಡೊಯ್ಯುತ್ತಿದ್ದ ಉಡುಗೊರೆಗಳಲ್ಲಿ ಬ್ಯಾಟರಿಗೆ ಅಗ್ರಸ್ಥಾನವಿತ್ತು. ಊರಿಗೆಲ್ಲ ಬ್ಯಾಟರಿ ಹಂಚಿದ ನಮ್ಮವರೇ ಈಗ ಬರಿಗೈಯಲ್ಲಿ ಬೆಟ್ಟ ಹತ್ತುತ್ತಿರುವುದು ವಿಚಿತ್ರವಾಗಿದೆ.

ಈ ಉಪಕರಣದ ಜನ್ಮವೃತ್ತಾಂತವೂ ವಲಸೆ ಬಂದವರಿಗೆ ಹಿತವಾದುದು. ಡೇವಿಡ್ ಮೈಸೆಲ್ ಎಂಬ ಶೋಧಕನು ರಚಿಸಿದ ಕೊಳವೆಯಾಕಾರದ ಕೈದೀಪಕ್ಕೆ 1899ರ ಜನವರಿ 10ರಂದು ಅಮೇರಿಕೆಯಲ್ಲಿ ಪೇಟೆಂಟು ದೊರೆಯಿತು. ಅದನ್ನು ವ್ಯಾಪಾರಕ್ಕೆ ಇಳಿಸಿದ ಕಾನ್ರಾಡ್ ಹ್ಯೂಬರ್ಟನು ರಶಿಯಾ ಸಾಮ್ರಾಜ್ಯದ ಮಿನ್ಸ್ಕ್ ಪ್ರಾಂತದಿಂದ 1891ರಲ್ಲಿ ನ್ಯೂಯಾರ್ಕಿಗೆ ವಲಸೆ ಬಂದವನು. ಚುಟ್ಟಾದ ಅಂಗಡಿ, ಊಟದ ಹೋಟೆಲು, ವಸತಿಗೃಹ, ಹಾಲಿನ ಗಾಡಿ ಮೊದಲಾದ ಹಲವು ಕಸುಬುಗಳಲ್ಲಿ ಕೈಯಾಡಿಸಿದ ಮೇಲೆ ಆತನು ಕೈದೀಪದ ವ್ಯಾಪಾರದಲ್ಲಿ ನೆಲೆಯೂರಿದನು. ಹೋಟೆಲು ನಡೆಸಿ ಬಂದವರು ಬೇರೆ ಉದ್ಯೋಗಕ್ಕೆ ಕೈಹಾಕುವುದನ್ನು ಕಂಡು ನಗುವವರು ಈ ಮಾತನ್ನು ನೆನಪಿಡಬೇಕು! ಅಂದಿನ ಸೆಲ್ಲುಗಳೂ ಇಂಗಾಲದ ತಂತಿಯ ಬಲ್ಬುಗಳೂ ದುರ್ಬಲವಾಗಿದ್ದುದರಿಂದ ದೀಪವು ಕ್ಷಣಕಾಲ ಮಿಂಚಿ ವಿಶ್ರಮಿಸಬೇಕಾಗುತ್ತಿತ್ತು. ಇಂಗ್ಲಿಷಿನ 'ಫ್ಲ್ಯಾಶ್‌ಲೈಟ್' ಎಂಬ ಹೆಸರು ಆ ಮಿಂಚಿನಿಂದಲೇ ಹುಟ್ಟಿತು.

ಈ ದುರ್ಬಲ ಶಿಶು ನಮ್ಮ ಕಾಲದಲ್ಲಿ ಪ್ರಬಲವಾಗಿ ಬೆಳೆದಿದೆ. ನೀಲಿ ಬೆಳಕಿನ ಎಲ್.ಇ.ಡಿ.ಯನ್ನು ಸಾಧಿಸಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಾದ ಅಕಸಾಕಿ, ಅಮಾನೊ, ನಕಮುರಾ ಇವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು. ನೀಲಿ ದೊರೆತುದರಿಂದ ಬಿಳಿಯ ಬೆಳಕನ್ನು ಅಗ್ಗವಾಗಿ ಪಡೆಯುವುದು ಸಾಧ್ಯವಾಯಿತು. ಇದರ ಫಲವಾಗಿ, ಹಿಂದೆ ಮೂರು ದಪ್ಪ ಸೆಲ್ಲುಗಳು ಕೊಡುತ್ತಿದ್ದುದಕ್ಕಿಂತ ಹಲವು ಪಟ್ಟು ಬೆಳಕನ್ನು ಇಂದು ಕಿರುಬೆರಳ ಗಾತ್ರದ ಒಂದೇ ಸೆಲ್ಲು ಕೊಡುತ್ತದೆ. ಅಂಥ ದೀಪದ ಭಾರ ಸೆಲ್ಲು ಸಹಿತ ಒಂದು ಕೋಳಿಮೊಟ್ಟೆಯಷ್ಟು. 'ಹೊರೆಯಾಗುತ್ತದೆ' ಎಂಬ ನೆಪಕ್ಕೆ ಇನ್ನು ಎಡೆಯಿಲ್ಲ.

ಆದಿತ್ಯವಾರದ ಸಂಜೆ

ಫೋರ್ಟು ಕಚೇರಿಗಳ ಕ್ಷೇತ್ರವಾದುದರಿಂದ ಆದಿತ್ಯವಾರ ಇಲ್ಲಿಯ ಅನೇಕ ಹೋಟೆಲುಗಳಿಗೆ ರಜೆ. ಆ ದಿನ ನಮ್ಮ ತರುಣರು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಗಾಡಿ ಹಿಡಿದು ಬೆಟ್ಟಗಳತ್ತ ಹೊರಡುವುದು ಇತ್ತೀಚೆಗೆ ರೂಢಿಯಾಗಿದೆ. ಕಸಾರಾ ಗಾಡಿಯಲ್ಲಿ ಹೋದವರು ಮುಂದೆ ಬಸ್ಸು ಹಿಡಿದು 1646 ಮೀಟರ್ ಎತ್ತರದ, ಮಹಾರಾಷ್ಟ್ರದಲ್ಲೇ ಅತ್ಯುನ್ನತವಾದ ಕಳಸೂಬಾಯಿ ಶಿಖರಕ್ಕೆ ಹೋಗುತ್ತಾರೆ. ಕರ್ಜತ್ ಗಾಡಿಯವರು ಮಾಥೇರಾನ್, ರಾಜಮಾಚಿಗಳಿಗೂ, ಪನವೇಲ್ ಗಾಡಿಯವರು ಕರ್ನಾಳಾ, ಪ್ರಬಲಗಡಗಳಿಗೂ ಹೋಗುತ್ತಾರೆ. ವಾರವಿಡೀ ಒಲೆಯ ಮುಂದೆ ಬೆಂದವನು ಒಂದು ದಿನ ಬೆಟ್ಟದ ಗಾಳಿಗೆ ಮೈಯೊಡ್ಡುವುದನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಆದರೆ ಹೋಟೆಲಿನವನ ಆದಿತ್ಯವಾರ ತಡವಾಗಿಯೇ ಪ್ರಾರಂಭವಾಗುತ್ತದೆ. ಶನಿವಾರ ರಾತ್ರಿ ಪಾತ್ರೆ ತೊಳೆದು, ಮೋರಿ ಉಜ್ಜಿ, ಲೆಕ್ಕ ಒಪ್ಪಿಸಿ ಮಲಗುವಾಗ ಒಂದು ಗಂಟೆ. ಕಚೇರಿಯ ತರುಣನು ಬೆಳಗಿನ ಮೊದಲ ಗಾಡಿ ಹಿಡಿದರೆ, ಇವನು ಹಿಡಿಯುವುದು ಎಂಟರದೋ ಒಂಬತ್ತರದೋ ಗಾಡಿಯನ್ನು. ಬುಡ ತಲಪುವಾಗ ಮಧ್ಯಾಹ್ನ, ತುದಿ ತಲಪುವಾಗ ಮೂರು ಗಂಟೆ. ಅಲ್ಲಿ ಊಟ, ಫೋಟೋ, ಹರಟೆ. ಇಳಿಯತೊಡಗುವಾಗ ಐದು. ಡಿಸೆಂಬರಿನ ಆದಿಯಲ್ಲಿ ಮುಂಬಯಿಯಲ್ಲಿ ಸೂರ್ಯನು ಆರು ಗಂಟೆಗೇ ಮುಳುಗುತ್ತಾನೆ; ಜುಲೈ ಆರಂಭದಲ್ಲಿ ಏಳು ಗಂಟೆ ಇಪ್ಪತ್ತು ನಿಮಿಷದ ವರೆಗೆ ಉಳಿಯುತ್ತಾನಾದರೂ ಆಗ ಮೋಡ, ಮಂಜುಗಳು ಹಗಲನ್ನೇ ಮಬ್ಬಾಗಿಸಿರುತ್ತವೆ. ಯುರೋಪಿನ ದೇಶಗಳಂತೆ ನಮ್ಮಲ್ಲಿ ದೀರ್ಘವಾದ ಮುಸ್ಸಂಜೆಯಿಲ್ಲ. ಸೂರ್ಯ ಮುಳುಗಿದ ಸುಮಾರು ಇಪ್ಪತ್ತೈದು ನಿಮಿಷಗಳೊಳಗಾಗಿ ಕಾಲಬುಡದ ಕಲ್ಲು ಕಾಣದಾಗುತ್ತದೆ. ಕಾಡಿನ ಮರೆಯಲ್ಲಿ, ಕಣಿವೆಯ ಆಳದಲ್ಲಿ ಈ ಅವಧಿ ಇನ್ನಷ್ಟು ಮೊಟಕು.

ಈ ಸಂದರ್ಭದಲ್ಲಿ ನಾವು ಗಲ್ಲೆಯ ಮೇಲೆ ಕುಳಿತಿದ್ದ ಕಾಲದ ಒಂದು ಸಂಗತಿಯನ್ನು ವಾಚಕರ ಮುಂದಿಡುವುದು ಅನುಚಿತವಾಗದು. ಡಿಸೆಂಬರ್ ತಿಂಗಳ ಒಂದು ಆದಿತ್ಯವಾರ ನಮ್ಮ ಹೋಟೆಲಿನ ಏಳು ಮಂದಿ ಹುಡುಗರು ಕರ್ಜತ್ ಕಡೆಯಿಂದ ರಾಜಮಾಚಿ ಹತ್ತಲು ಹೊರಟರು. ಅಡಿಗೆಯ ಭಟ್ಟರೂ ಜೊತೆಗೂಡಿದರು. ಭಟ್ಟರ ವಯಸ್ಸು ಐವತ್ತು ದಾಟಿತ್ತು, ಕುಂದಾಪುರದ ಕಡೆಯವರು. ಹೊರಡುವಾಗ ಅವರು ತಮ್ಮ ಚೀಲಕ್ಕೆ ಬ್ಯಾಟರಿಯೊಂದನ್ನು ತುರುಕುವುದನ್ನು ಕಂಡು ಹುಡುಗನೊಬ್ಬ, "ಭಟ್ರೇ, ಆಟಕ್ಕೆ ಹೊರಟದ್ದಾ? ಸಂಜೆಯೊಳಗೆ ಬರುವವರಿಗೆ ಬ್ಯಾಟರಿ ಎಂತಕ್ಕೆ?" ಎಂದು ನಕ್ಕನು. ಭಟ್ಟರು, "ಕತ್ತಲೆ ನಮ್ಮನ್ನು ಕೇಳಿ ಬರುವುದಿಲ್ಲ, ಮಾರಾಯ" ಎಂದಷ್ಟೇ ಹೇಳಿ ಚೀಲದ ಬಾಯಿ ಕಟ್ಟಿದರು.

ಮೇಲೆ ಹೇಳಿದ ಲೆಕ್ಕದಂತೆಯೇ ಎಲ್ಲವೂ ನಡೆಯಿತು. ಅರ್ಧ ಇಳಿಯುವಷ್ಟರಲ್ಲಿ ಕತ್ತಲು ಕವಿಯಿತು. ಒಬ್ಬನ ಕಾಲು ಉಳುಕಿತು. ಎಂಟು ಮಂದಿಯಲ್ಲಿ ಏಳು ಮೊಬೈಲ್ ಫೋನುಗಳಿದ್ದುವು. ದಿನವಿಡೀ ಫೋಟೋ ತೆಗೆದು, ಹಾಡು ಕೇಳಿ, ಅವುಗಳಲ್ಲಿ ಐದು ಆಗಲೇ ನಂದಿದ್ದುವು. ಉಳಿದ ಎರಡನ್ನು ಆರಿಸಿಡಲು ಭಟ್ಟರು ಹೇಳಿದರಂತೆ. ತಾವು ಪ್ರತಿಯೊಂದು ಕಠಿಣ ಇಳಿಜಾರಿನಲ್ಲೂ ಮೊದಲು ಇಳಿದು, ತಿರುಗಿ ನಿಂತು, ಬ್ಯಾಟರಿಯನ್ನು ಕಲ್ಲಿನ ಮೇಲೆ ಹಿಡಿದು, ಒಬ್ಬೊಬ್ಬರನ್ನಾಗಿ ಇಳಿಸಿಕೊಂಡರು. ಎರಡು ಗಂಟೆಯ ದಾರಿಗೆ ಐದು ಗಂಟೆ ಹಿಡಿಯಿತು. ಕೊನೆಯ ಲೋಕಲ್ ಗಾಡಿ ತಪ್ಪಿತು. ಇರುಳನ್ನು ಕರ್ಜತ್ ಪ್ಲಾಟ್‌ಫಾರ್ಮಿನಲ್ಲಿ ಕಳೆದು ಸೋಮವಾರ ಮುಂಜಾನೆ ಹೋಟೆಲಿಗೆ ಮರಳಿದರು. ಅಂದು ಇಡ್ಲಿ ಎಂಟು ಗಂಟೆಗೆ ತಯಾರಾಯಿತು. ಗದರಿಸಬೇಕೆಂದಿದ್ದ ನಾವು ಎಂಟು ತಲೆಗಳನ್ನು ಎಣಿಸಿ ಸುಮ್ಮನಾದೆವು. ಎಂಟು ಮನೆಗಳಿಗೆ ಫೋನು ಮಾಡಬೇಕಾದ ಪ್ರಸಂಗ ಬರಲಿಲ್ಲವಲ್ಲ ಎಂಬ ಸಮಾಧಾನದ ಮುಂದೆ ಇಡ್ಲಿಯ ತಡ ದೊಡ್ಡದೆನಿಸಲಿಲ್ಲ.

ಫೋನು ಇದೆಯಲ್ಲ!

ವಾಚಕರಲ್ಲಿ ಹಲವರು ಈಗಾಗಲೇ ಈ ಆಕ್ಷೇಪವನ್ನು ಎತ್ತಿರಬಹುದು. ಫೋನಿನಲ್ಲಿ ದೀಪವಿರುವುದು ನಿಜ. ಕಳೆದುಹೋದ ಬೀಗದಕೈಯನ್ನು ಮಂಚದಡಿ ಹುಡುಕಲು ಅದು ಸಾಕು. ಆದರೆ ಬೆಟ್ಟದಲ್ಲಿ ಫೋನಿಗೆ ಅದರದೇ ಆದ ಕರ್ತವ್ಯವಿದೆ. ಕಾಲು ಮುರಿದವನಿಗಾಗಿ 112ಕ್ಕೆ ಕರೆ ಮಾಡಬೇಕು, ದಾರಿಯ ನಕಾಶೆ ತೋರಿಸಬೇಕು, ಮನೆಯವರಿಗೆ ಸುದ್ದಿ ತಿಳಿಸಬೇಕು. ಕಣಿವೆಗಳಲ್ಲಿ ಸಂಕೇತ ಕ್ಷೀಣವಾಗಿರುವುದರಿಂದ ಫೋನು ಗೋಪುರವನ್ನು ಹುಡುಕುತ್ತ ಹುಡುಕುತ್ತ ತನ್ನ ಶಕ್ತಿಯನ್ನು ಬೇಗನೆ ವ್ಯಯಮಾಡುತ್ತದೆ. ಅದರ ಮೇಲೆ ದೀಪದ ಕೆಲಸವನ್ನೂ ಹೊರಿಸಿದರೆ, ಬೆಳಕೂ ಮಾತೂ ಏಕಕಾಲದಲ್ಲಿ ನಿಂತುಹೋಗುತ್ತವೆ. ಒಬ್ಬನೇ ಮಾಣಿಗೆ ಟೇಬಲು, ಗಲ್ಲೆ, ಒಲೆ ಮೂರನ್ನೂ ಒಪ್ಪಿಸಿದ ಹೋಟೆಲಿನ ಗತಿ ಏನಾಗುತ್ತದೆಂಬುದು ನಮ್ಮವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಮತ್ತೊಂದು ಮಾತು. ಫೋನಿನ ಬೆಳಕು ಅಗಲವಾಗಿ ಚದರುತ್ತದೆ. ಹತ್ತು ಹೆಜ್ಜೆ ಮುಂದಿರುವ ತಿರುವನ್ನು ಅದು ತೋರಿಸಲಾರದು. ಮಳೆಯಲ್ಲಿ ಅದನ್ನು ಹೊರಗೆ ತೆಗೆಯುವಂತಿಲ್ಲ. ಒದ್ದೆ ಕೈಯಿಂದ ಜಾರಿ ಬಂಡೆಯ ಮೇಲೆ ಬಿದ್ದರೆ ಎಲ್ಲವೂ ಮುಗಿಯಿತು. ಹತ್ತಾರು ಸಾವಿರ ರೂಪಾಯಿಯ ವಸ್ತುವನ್ನು ಕೆಸರಿನ ಇಳಿಜಾರಿನಲ್ಲಿ ಪಂಜಿನಂತೆ ಹಿಡಿದು ನಡೆಯುವುದಕ್ಕಿಂತ, ಇಬ್ಬರ ರೈಸ್ ಪ್ಲೇಟಿನ ಬೆಲೆಗೆ ದೊರೆಯುವ ದೀಪವೊಂದನ್ನು ಕೈಯಲ್ಲಿ ಹಿಡಿಯುವುದು ಲೇಸು.

ನಗರವೂ ಬೆಟ್ಟವಾದ ದಿನ

ಬೆಟ್ಟ ಹತ್ತದವರು ಈ ಲೇಖನವನ್ನು ಇಲ್ಲಿಗೇ ಮಡಚಿಡಬಾರದು. 2005ರ ಜುಲೈ 26 ಮುಂಬಯಿಗರು ಮರೆಯಲಾಗದ ದಿನ. ಅಂದು 24 ಗಂಟೆಗಳಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಫೋರ್ಟಿಗೆ ಸಮೀಪದ ಕೊಲಾಬಾದಲ್ಲಿ ದಾಖಲಾದ ಮಳೆ ಕೇವಲ 73 ಮಿಲಿಮೀಟರ್! ಆದುದರಿಂದ ಫೋರ್ಟಿನ ಕಚೇರಿಗಳಲ್ಲಿದ್ದವರಿಗೆ ಉಪನಗರಗಳು ಮುಳುಗುತ್ತಿವೆಯೆಂಬುದರ ಕಲ್ಪನೆಯೇ ಇರಲಿಲ್ಲ. ಸಂಜೆ ಎಂದಿನಂತೆ ಸ್ಟೇಶನಿಗೆ ಹೋದವರು ಗಾಡಿ ನಿಂತಿರುವುದನ್ನು ಕಂಡರು. ಬಸ್ಸು ಹಿಡಿದವರು ನಡುದಾರಿಯಲ್ಲಿ ಇಳಿದರು. ಆಮೇಲೆ ಸಾವಿರಾರು ಮಂದಿ ನೀರಿನಲ್ಲಿ ನಡೆದೇ ಮನೆಯ ಹಾದಿ ಹಿಡಿದರು. ಉಪನಗರಗಳ ಅನೇಕ ಭಾಗಗಳಲ್ಲಿ ವಿದ್ಯುತ್ತು ಕಡಿದುಹೋಗಿತ್ತು, ಫೋನುಗಳೂ ಮೌನವಾಗಿದ್ದುವು. ಸೊಂಟದವರೆಗಿನ ನೀರು, ಕೆಳಗೆ ಕಾಣದ ಗಟಾರದ ಬಾಯಿ, ಮೇಲೆ ದೀಪವಿಲ್ಲದ ಬೀದಿ! ಮುಂಬಯಿ ಅಂದು ಬೆಟ್ಟಗಾಡಿಗಿಂತ ಹೆಚ್ಚು ಅಪಾಯಕಾರಿಯಾಗಿತ್ತು.

ಸುಸಜ್ಜಿತ ನಗರಕ್ಕೂ ಕತ್ತಲೆಯ ದಿನ ಬರಬಹುದೆಂಬುದಕ್ಕೆ 2020ರ ಅಕ್ಟೋಬರ್ 12 ಇನ್ನೊಂದು ನಿದರ್ಶನ. ಅಂದು ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ವಿದ್ಯುಜ್ಜಾಲ ಕುಸಿದು ಮುಂಬಯಿ ಮಹಾನಗರದ ಬಹುಭಾಗ ಸ್ತಬ್ಧವಾಯಿತು. ಲೋಕಲ್ ಗಾಡಿಗಳು ನಿಂತಲ್ಲೇ ನಿಂತುವು. ಅದು ಹಗಲಾಗಿದ್ದುದು ಪುಣ್ಯ. ರಾತ್ರಿ ಹತ್ತು ಗಂಟೆಗೆ ಹೀಗಾಗಿದ್ದರೆ ಹಳಿಗಳ ನಡುವೆ ಇಳಿದು ನಡೆಯುವ ಜನರ ಪಾಡೇನೆಂಬುದನ್ನು ವಾಚಕರೇ ಊಹಿಸಬಹುದು. ಕಚೇರಿಯ ಚೀಲದಲ್ಲಿ ಕೊಡೆಯ ಪಕ್ಕದಲ್ಲಿ ಒಂದು ಕೈದೀಪಕ್ಕೆ ಸ್ಥಳ ಕೊಡಿರೆಂದು ನಾವು ಹೇಳುವುದು ಇದಕ್ಕಾಗಿ.

ಕಾಲಬುಡದ ಶತ್ರುಗಳು

ಇನ್ನು ವಿಷಜಂತುಗಳ ವಿಚಾರ. 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಮಂದಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಎಂದರೆ ವರ್ಷಕ್ಕೆ ಸರಾಸರಿ 58,000. ಸತ್ತವರಲ್ಲಿ ಬಹುಪಾಲು ಹಳ್ಳಿಗರು. ಕರ್ನಾಟಕ ಸರಕಾರವು 2024ರ ಫೆಬ್ರವರಿಯಲ್ಲಿ, ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಕಟ್ಟುಹಾವು ಇರುಳಿನಲ್ಲಿಯೇ ಸಂಚರಿಸುವ ಜಾತಿ. ಮಂಡಲದ ಹಾವೂ, ಕೊಂಕಣದ ಕಲ್ಲುಗಾಡಿನಲ್ಲಿ ಮರಾಠಿಗರು 'ಫುರ್ಸೆ' ಎಂದು ಕರೆಯುವ ಸಣ್ಣ ವಿಷಸರ್ಪವೂ ಮುಸ್ಸಂಜೆಯ ಬಳಿಕ ಚುರುಕಾಗುತ್ತವೆ. ಇವುಗಳ ಬಣ್ಣ ಒಣಗಿದೆಲೆಯೊಂದಿಗೆ, ಮಣ್ಣಿನೊಂದಿಗೆ ಬೆರೆತುಹೋಗುತ್ತದೆ. ಹಾವು ಬೇಕೆಂದು ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ನಾವು ಕಾಣದೆ ತುಳಿದಾಗ ಕಚ್ಚುತ್ತದೆ. ಆದುದರಿಂದ ರಾತ್ರಿ ನಡೆಯುವಾಗ ಬೆಳಕನ್ನು ಹಿಡಿಯಿರಿ, ಮುಚ್ಚಿದ ಪಾದರಕ್ಷೆ ಧರಿಸಿರಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳಲ್ಲೂ ಸೇರಿದೆ. ಇಷ್ಟಾಗಿಯೂ ಕಚ್ಚಿದರೆ ಮಂತ್ರ, ಬೇರು, ಚೀಪುವಿಕೆಗಳಲ್ಲಿ ಕಾಲಹರಣ ಮಾಡದೆ, ಕಚ್ಚಿದ ಅಂಗವನ್ನು ಅಲುಗಿಸದೆ, ವಿಷನಿವಾರಕ ಔಷಧವಿರುವ ಆಸ್ಪತ್ರೆಗೆ ಒಯ್ಯಬೇಕು.

ಚೇಳಿನ ಸಂಗತಿಯೂ ಹೀಗೆಯೇ. ರಾಯಗಡ ಜಿಲ್ಲೆಯ ಮಹಾಡಿನಲ್ಲಿ ನೆಲಸಿ ಕೆಂಪು ಚೇಳಿನ ಕಡಿತಕ್ಕೆ ಚಿಕಿತ್ಸೆಯನ್ನು ರೂಪಿಸಿ ಲೋಕಮಾನ್ಯರಾದ ಡಾ. ಹಿಮ್ಮತರಾವ್ ಬಾವಸ್ಕರ್ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. ನಾವು ಆದಿತ್ಯವಾರ ಹತ್ತುವ ಕೋಟೆಗಳಲ್ಲಿ ಹಲವು ಇರುವುದು ಅದೇ ಜಿಲ್ಲೆಯಲ್ಲಿ. ಕಲ್ಲಿನ ಮೇಲೆ ಕೂಡುವ ಮುನ್ನ, ಕಳಚಿಟ್ಟ ಬೂಟಿನೊಳಗೆ ಕಾಲಿಡುವ ಮುನ್ನ, ಹಾಸಿದ ಕಂಬಳಿಯಲ್ಲಿ ಮಲಗುವ ಮುನ್ನ ಒಮ್ಮೆ ಬೆಳಕು ಬೀರುವುದಕ್ಕೆ ಹಿಡಿಯುವ ಸಮಯ ಐದು ಕ್ಷಣ.

ಜೀವವಿಲ್ಲದ ಅಪಾಯವೂ ಒಂದಿದೆ. ಮರಾಠರ ಕಾಲದ ಕೋಟೆಗಳಲ್ಲಿ ಮಳೆನೀರು ಹಿಡಿಯಲು ಬಂಡೆಯಲ್ಲಿ ಕೊರೆದ ಕುಂಡಗಳಿವೆ. ಇವನ್ನು 'ಟಾಕೆ' ಎನ್ನುತ್ತಾರೆ. ಹಲವಕ್ಕೆ ಕಟ್ಟೆಯಿಲ್ಲ, ಬಾಯಿ ನೆಲದ ಮಟ್ಟದಲ್ಲಿಯೇ ಇರುತ್ತದೆ. ಹಗಲಲ್ಲಿ ನೀರು ಕುಡಿಸಿ ಉಪಕರಿಸಿದ ಟಾಕೆಯೇ ಇರುಳಿನಲ್ಲಿ ಬಾವಿಯಾಗಿ ಕಾದಿರುತ್ತದೆ.

ಕರೆಯುವ ಬೆಳಕು

ಕೈದೀಪಕ್ಕೆ ಇನ್ನೊಂದು ಉಪಯೋಗವುಂಟು. ನಮ್ಮ ತರುಣರಲ್ಲಿ ಇದನ್ನು ಅರಿತವರು ವಿರಳ. ಕಂಠ ಬತ್ತುವವರೆಗೆ ಕೂಗಿದರೂ ಕೇಳಿಸದಷ್ಟು ದೂರಕ್ಕೆ ಬೆಳಕು ಮುಟ್ಟುತ್ತದೆ. ಪರ್ವತಾರೋಹಿಗಳಲ್ಲಿ 1890ರ ದಶಕದಿಂದ ರೂಢಿಯಲ್ಲಿರುವ ಸಂಕೇತವಿದು: ಒಂದು ನಿಮಿಷದಲ್ಲಿ ಸಮಾನ ಅಂತರದಿಂದ ಆರು ಬಾರಿ ದೀಪವನ್ನು ಮಿಂಚಿಸಬೇಕು, ಅನಂತರ ಒಂದು ನಿಮಿಷ ಸುಮ್ಮನಿರಬೇಕು, ಮತ್ತೆ ಆರು ಬಾರಿ ಮಿಂಚಿಸಬೇಕು. ಕಂಡವರು ನಿಮಿಷಕ್ಕೆ ಮೂರು ಬಾರಿ ಮಿಂಚಿಸಿ ಉತ್ತರ ಕೊಡುತ್ತಾರೆ. ಉತ್ತರ ಬಂದ ಮೇಲೂ ನೆರವಿನವರು ಹತ್ತಿರ ಬರುವವರೆಗೆ ಸಂಕೇತವನ್ನು ನಿಲ್ಲಿಸತಕ್ಕದ್ದಲ್ಲ. ದಾರಿ ತಪ್ಪಿದೆವೆಂದು ಖಚಿತವಾದರೆ ಕತ್ತಲಲ್ಲಿ ತಡಕಾಡುತ್ತ ಮುಂದುವರಿಯದೆ, ಎಲ್ಲರೂ ಒಂದೆಡೆ ಕೂತು ಈ ರೀತಿ ಕರೆಯುವುದೇ ಜಾಣತನ.

ನೆರವಿಗೆ ಬರುವವರ ಕಷ್ಟವನ್ನೂ ನಾವು ಯೋಚಿಸಬೇಕು. 2023ರ ಜುಲೈ 19ರ ರಾತ್ರಿ ಖಾಲಾಪುರ ತಾಲೂಕಿನ ಇರ್ಶಾಳವಾಡಿ ಎಂಬ ಬೆಟ್ಟದ ಹಾಡಿಯ ಮೇಲೆ ಗುಡ್ಡ ಕುಸಿಯಿತು. 27 ಮಂದಿಯ ಶವಗಳು ದೊರೆತುವು. 57 ಮಂದಿ ಪತ್ತೆಯಾಗಲೇ ಇಲ್ಲ. ಹಾಡಿಗೆ ಮೋಟಾರು ರಸ್ತೆಯಿರಲಿಲ್ಲ. ಪರಿಹಾರ ತಂಡದವರೂ ಗಿರ್ಯಾರೋಹಿ ಸ್ವಯಂಸೇವಕರೂ ಮಳೆಯಲ್ಲಿ, ಕೆಸರಿನ ಕಾಲುಹಾದಿಯಲ್ಲಿ ನಡೆದೇ ಏರಬೇಕಾಯಿತು. ಏರುವ ದಾರಿಯಲ್ಲಿಯೇ ಅಗ್ನಿಶಾಮಕ ದಳದವರೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ಪ್ರಕೃತಿಯ ಕೋಪಕ್ಕೆ ಸಿಕ್ಕವರಿಗಾಗಿ ಹೀಗೆ ಪ್ರಾಣ ಒತ್ತೆಯಿಡುವ ಜನರನ್ನು, ಐವತ್ತು ಗ್ರಾಮಿನ ದೀಪ ಒಯ್ಯದ ನಮ್ಮ ಅಲಕ್ಷ್ಯಕ್ಕಾಗಿಯೂ ನಡುರಾತ್ರಿ ಬೆಟ್ಟ ಹತ್ತಿಸುವುದು ನ್ಯಾಯವೇ?

ಕೊಳ್ಳುವಾಗ, ಹಿಡಿಯುವಾಗ

ಫೋರ್ಟಿನವರಿಗೆ ದೀಪ ಕೊಳ್ಳಲು ದೂರ ಹೋಗಬೇಕಾಗಿಲ್ಲ. ಕ್ರಾಫರ್ಡ್ ಮಾರ್ಕೆಟು ದಾಟಿದರೆ ವಿದ್ಯುತ್ ಸಾಮಗ್ರಿಗಳ ಪೇಟೆಯಾದ ಲೋಹಾರ್ ಚಾಳ್ ಸಿಗುತ್ತದೆ. ದೂರದ ಮರವನ್ನು ಬೆಳಗುವ ಭಾರೀ ದೀಪಕ್ಕೆ ಮರುಳಾಗಬೇಡಿ. ಕಾಲುಹಾದಿಗೆ ನೂರು ಲ್ಯೂಮೆನ್ ಬೆಳಕು ಧಾರಾಳ ಸಾಕು. ಬೆಳಕನ್ನು ಹೆಚ್ಚುಕಡಿಮೆ ಮಾಡುವ ಸೌಕರ್ಯವಿದ್ದರೆ ಸೆಲ್ಲು ಬಹುಕಾಲ ಬಾಳುತ್ತದೆ. ಪೊಟ್ಟಣದ ಮೇಲೆ ಐ.ಪಿ.ಎಕ್ಸ್.4 ಎಂದಿದ್ದರೆ ಅದು ನೀರಿನ ಎರಚಲನ್ನು ತಾಳುತ್ತದೆ, ಐ.ಪಿ.ಎಕ್ಸ್.7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ನಮ್ಮ ಮಳೆಗಾಲಕ್ಕೆ ಎರಡನೆಯದೇ ಲೇಸು. ಹಳ್ಳಿಯ ಗೂಡಂಗಡಿಯಲ್ಲಿಯೂ ಸಿಗುವ ಸಾಮಾನ್ಯ ಸೆಲ್ಲಿನ ದೀಪಕ್ಕೆ ಒಂದು ಅನುಕೂಲ. ಚಾರ್ಜು ಮಾಡುವ ದೀಪಕ್ಕೆ ಖರ್ಚು ಕಡಿಮೆಯೆಂಬ ಇನ್ನೊಂದು ಅನುಕೂಲ. ಯಾವುದಾದರೂ ಸರಿ, ಹೊರಡುವ ಹಿಂದಿನ ರಾತ್ರಿ ಒಮ್ಮೆ ಹೊತ್ತಿಸಿ ನೋಡಿರಿ. ಸೆಲ್ಲಿನದಾದರೆ ಒಂದು ಜೊತೆ ಹೆಚ್ಚಿಗೆ ಒಯ್ಯಿರಿ. ಚೀಲದೊಳಗೆ ಗುಂಡಿ ಒತ್ತಿಹೋಗಿ ದೀಪ ತಾನೇ ಉರಿದು ಮುಗಿಯದಂತೆ, ಸೆಲ್ಲಿನ ತುದಿಗೆ ಕಾಗದದ ಚೂರೊಂದನ್ನು ಸಿಕ್ಕಿಸಿಡುವುದು ಹಳೆಯ ಉಪಾಯ. ಮನೆಗೆ ಬಂದು ಎತ್ತಿಡುವಾಗ ಸೆಲ್ಲುಗಳನ್ನು ಹೊರತೆಗೆಯಿರಿ. ಇಲ್ಲವಾದರೆ ಅವು ಸೋರಿ ದೀಪವನ್ನು ಕೆಡಿಸುತ್ತವೆ.

ಕಳಸೂಬಾಯಿಯಂತೆ ಕಬ್ಬಿಣದ ಏಣಿಗಳಿರುವ ದಾರಿಗೆ ಹಣೆಗೆ ಕಟ್ಟುವ ದೀಪ ಉತ್ತಮ; ಎರಡೂ ಕೈಗಳು ಬಿಡುವಾಗಿರುತ್ತವೆ. ಆದರೆ ಮಂಜಿನಲ್ಲಿ ಹಣೆಯ ಬೆಳಕು ಹಿಂದಕ್ಕೆ ಹೊಡೆದು ಕಣ್ಣು ಕುಕ್ಕುತ್ತದೆ; ಆಗ ದೀಪವನ್ನು ಕೈಗೆ ತೆಗೆದುಕೊಂಡು ಸೊಂಟದ ಮಟ್ಟದಲ್ಲಿ ಹಿಡಿಯಬೇಕು. ಹಾಗೆ ಹಿಡಿದಾಗ ಕಲ್ಲುಗಳ ನೆರಳು ಉದ್ದವಾಗಿ ಬಿದ್ದು ನೆಲದ ಉಬ್ಬುತಗ್ಗುಗಳೂ ಸ್ಪಷ್ಟವಾಗಿ ಕಾಣುತ್ತವೆ. ಗುಂಪಿನಲ್ಲಿ ಮುಂದಿನವನ ಹತ್ತಿರವೂ ಕಟ್ಟಕಡೆಯವನ ಹತ್ತಿರವೂ ದೀಪವಿರತಕ್ಕದ್ದು. ಎದುರಿನವನ ಮುಖಕ್ಕೆ ಬೆಳಕು ಬಿಡುವುದು ಅಸಭ್ಯತನ ಮಾತ್ರವಲ್ಲ, ಅಪಾಯವೂ ಹೌದು. ಕತ್ತಲೆಗೆ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಕ್ಷಣದ ಪ್ರಖರ ಬೆಳಕು ಅದನ್ನೆಲ್ಲ ಅಳಿಸಿಹಾಕುತ್ತದೆ.

ಆರಿಸುವ ವಿವೇಕ

ದೀಪ ಹೊತ್ತಿಸುವುದಕ್ಕೆ ಇರುವಂತೆ ಆರಿಸುವುದಕ್ಕೂ ಸಮಯವಿದೆ. ಮೇ ಕೊನೆಯಿಂದ ಜೂನ್ ವರೆಗೆ, ಮಳೆಗೆ ಸ್ವಲ್ಪ ಮುಂಚೆ, ರಾಜಮಾಚಿ, ಭಂಡಾರದರಾಗಳ ಕಾಡುಗಳಲ್ಲಿ ಮಿಂಚುಹುಳುಗಳು ಮರಮರಗಳನ್ನೇ ಬೆಳಗುತ್ತವೆ. ಅವುಗಳ ಮಿಣುಕು ಗಂಡುಹೆಣ್ಣುಗಳ ನಡುವಿನ ಸಂದೇಶ. ನಮ್ಮ ಬಿಳಿಯ ಬೆಳಕು ಅದರ ಮೇಲೆ ಬಿದ್ದರೆ ಆ ಸಂಭಾಷಣೆಯೇ ಮುರಿಯುತ್ತದೆ. ಅವುಗಳನ್ನು ನೋಡಹೋದವರು ನಡೆಯುವಾಗ ಬೆಳಕನ್ನು ನೆಲಕ್ಕೆ ಮಾತ್ರ ಹಿಡಿದು, ನಿಂತ ಬಳಿಕ ಆರಿಸತಕ್ಕದ್ದು. ಗುಹೆಯ ಬಾವಲಿಗಳ ಮೇಲೆ, ಗೂಡಿನ ಹಕ್ಕಿಗಳ ಮೇಲೆ, ಹಳ್ಳಿಯವರ ಕಿಟಕಿಗಳ ಮೇಲೆ ದೀಪ ಬೀರಿ ಆಟವಾಡುವುದು ನಮ್ಮ ಸಂಸ್ಕಾರಕ್ಕೆ ಒಪ್ಪುವಂಥದಲ್ಲ. ದೀಪವಿದೆಯೆಂಬ ಧೈರ್ಯದಿಂದ ಹೊತ್ತು ಮೀರಿ ಕೂಡುವುದೂ ಸಲ್ಲದು. ಕೊಡೆ ಇರುವವನು ಬೇಕೆಂದು ಮಳೆಯಲ್ಲಿ ನಿಲ್ಲುವುದಿಲ್ಲವಷ್ಟೆ?

ನಮ್ಮ ವಿನಂತಿ

ಮುಂಬಯಿಯಲ್ಲಿ ನಮ್ಮ ಜಾತಿಬಾಂಧವ ಸಂಘಗಳೂ ಕನ್ನಡ ಸಂಘಗಳೂ ವರ್ಷಕ್ಕೊಮ್ಮೆ ವಿಹಾರಯಾತ್ರೆ ಏರ್ಪಡಿಸುತ್ತವೆ. ಬಸ್ಸಿನ ಬಾಡಿಗೆ, ಊಟದ ಮೆನು, ಬಹುಮಾನದ ಪಾತ್ರೆಗಳನ್ನು ಕುರಿತು ಕಾರ್ಯಕಾರಿ ಸಮಿತಿಗಳು ಮೂರು ಮೂರು ಸಭೆ ಸೇರುವುದನ್ನು ನಾವು ಬಲ್ಲೆವು. ಆ ಪಟ್ಟಿಯಲ್ಲಿ ಇನ್ನೊಂದು ಸಾಲನ್ನು ಸೇರಿಸಲು ಕಾರ್ಯದರ್ಶಿಗಳಲ್ಲಿ ನಮ್ಮ ವಿನಂತಿ: ತಲೆಗೊಂದು ಕೈದೀಪ, ತರದವರಿಗೆ ಬಸ್ಸಿನಲ್ಲಿ ಜಾಗವಿಲ್ಲ. ಬಹುಮಾನವಾಗಿ ಮತ್ತೊಂದು ಸ್ಟೀಲಿನ ಡಬ್ಬಿಯನ್ನು ಕೊಡುವ ಬದಲು ದೀಪವನ್ನೇ ಕೊಟ್ಟರೆ ಇನ್ನೂ ಲೇಸು. ಹೋಟೆಲು ಮಾಲೀಕ ಬಂಧುಗಳಲ್ಲಿಯೂ ಒಂದು ಮಾತು. ಆದಿತ್ಯವಾರ ಹೊರಡುವ ನಿಮ್ಮ ಹುಡುಗರು ಊರಿನಲ್ಲಿ ಒಬ್ಬೊಬ್ಬ ತಾಯಿ ನಿಮ್ಮನ್ನು ನಂಬಿ ಕಳುಹಿಸಿದ ಮಕ್ಕಳು. ಗಲ್ಲೆಯ ಡ್ರಾವರಿನಲ್ಲಿ ಎರಡು ದೀಪಗಳನ್ನಿಟ್ಟು, ಹೊರಟವರ ಕೈಗೆ ಕೊಟ್ಟು, ಸೋಮವಾರ ಮರಳಿ ಕೇಳಿ ಪಡೆಯಿರಿ. ದೀಪವನ್ನು ಒಪ್ಪಿಸಲು ಬರಬೇಕಾದವನು ಎಲ್ಲಿಗೆ ಹೋಗುವೆನು, ಯಾವಾಗ ಮರಳುವೆನು ಎಂಬುದನ್ನೂ ಹೇಳಿಯೇ ಹೊರಡುತ್ತಾನೆ.

ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗಿ ಕುಟುಂಬಸಮೇತ ಕೊಡಚಾದ್ರಿಗೋ ಕುಕ್ಕೆಯ ಮೇಲಣ ಕುಮಾರಪರ್ವತಕ್ಕೋ ಹೊರಡುವವರಿಗೂ ಈ ಮಾತು ಅನ್ವಯಿಸುತ್ತದೆ. 1343 ಮೀಟರಿನ ಕೊಡಚಾದ್ರಿಯಾಗಲಿ, 1712 ಮೀಟರಿನ ಕುಮಾರಪರ್ವತವಾಗಲಿ ಮುಂಬಯಿಯಿಂದ ಬಂದವರೆಂದು ನಮಗೆ ಅರ್ಧ ಗಂಟೆ ಹೆಚ್ಚಿನ ಹಗಲನ್ನು ಕೊಡುವುದಿಲ್ಲ. ಮಕ್ಕಳು ಕಲಿಯುವುದು ಹಿರಿಯರ ಚೀಲವನ್ನು ನೋಡಿ. ನೀರಿನ ಬಾಟಲಿ, ತಿಂಡಿಯ ಡಬ್ಬಿ, ಕೊಡೆಗಳ ಪಕ್ಕದಲ್ಲಿ ತಂದೆಯು ಒಂದು ದೀಪವನ್ನಿಡುವುದನ್ನು ಕಂಡ ಮಗು, ಇಪ್ಪತ್ತು ವರ್ಷಗಳ ಬಳಿಕ ತಾನೂ ಇಡುತ್ತದೆ.

ನಮ್ಮ ಹಿರಿಯರು ಸೂಟೆ ಬೀಸುತ್ತ ಕತ್ತಲೆಯನ್ನು ಗೌರವದಿಂದ ದಾಟಿದರು. ಆ ಗೌರವವನ್ನು ಫೋರ್ಟಿನ ಬೆಳಕಿನಲ್ಲಿ ನಾವು ಮರೆಯದಿರೋಣ. ಬರುವ ಆದಿತ್ಯವಾರ ಬೆಟ್ಟಕ್ಕೆ ಹೊರಡುವ ವಾಚಕ ಮಿತ್ರರು ಮನೆಯ ಹೊಸ್ತಿಲು ದಾಟುವ ಮುನ್ನ ಒಮ್ಮೆ ಕಿಸೆ ಮುಟ್ಟಿ ನೋಡಿಕೊಳ್ಳಬೇಕೆಂದು ಪ್ರಾರ್ಥಿಸುತ್ತ ವಿರಮಿಸುತ್ತೇವೆ.